ಬುದ್ಯೋರ ಕಾರಿನ ಹಳದಿ ದೀಪ

ನನ್ನ ಕಾರಿನ ಸ್ಟಿಯರಿಂಗ್ ಹಿಂದೆ, ಡೀಸೆಲ್ ಮುಳ್ಳಿನ ಪಕ್ಕದಲ್ಲಿ, ಒಂದು ಹಳದಿ ದೀಪವಿದೆ. ಅದು ಎಂಜಿನ್ನಿನ ಆಕಾರದಲ್ಲಿದೆಯಂತೆ. ನನಗೆ ಯಾವತ್ತೂ ಹಾಗೆ ಕಂಡಿಲ್ಲ, ಮುರಿದ ನಲ್ಲಿಯ ಹಾಗೆ ಕಾಣುತ್ತದೆ. ಕೀ ತಿರುಗಿಸಿದಾಗ ಅದು ಒಮ್ಮೆ ಹತ್ತಿ ಆರಿಹೋಗಬೇಕು. ಆರದೆ ಉಳಿದರೆ ಎಂಜಿನ್ನಿಗೆ ಏನೋ ಆಗಿದೆ ಎಂದರ್ಥ. ಏನಾಗಿದೆ ಎಂದು ಅದು ಹೇಳುವುದಿಲ್ಲ. ಹೇಳಲಾಗದ ಮೇಲೆ ಹತ್ತುವುದಾದರೂ ಯಾಕೆ ಎಂದು ನಾನು ಆ ದೀಪವನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯವರೆಗೆ ಅದು ನನ್ನ ತಲೆ ತಿಂದಿತು.

ನಾನು ತಮಿಳುನಾಡಿಗೆ ಸೇರಿದ ತಾಳವಾಡಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ನಮ್ಮ ಮನೆಯವರಿಗೆ ಕೋಸು, ಟೊಮೇಟೊ ಬೆಳೆಯುವುದು ಗೊತ್ತು, ಮೊಪೆಡ್ ಓಡಿಸುವುದು ಗೊತ್ತು. ಕಾರಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯಾಚೆ ಯಾರ ಹೊಲದಲ್ಲಿ ಏನು ಬಂದಿದೆ ಎಂದು ನೋಡಿಕೊಂಡು ಬರುತ್ತಾರೆ. ಮುಂದಿನ ಸೀಟು ಅವ್ವನದು. ನಾನು ಒಬ್ಬಳೇ ಮಗಳಾದ್ದರಿಂದ ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಜೀವಮಾನವೆಲ್ಲ ಕುಕ್ಕರಗಾಲಿನಲ್ಲಿ ಕಳೆ ತೆಗೆದು ಅವಳ ಎರಡು ಮಂಡಿಯೂ ಸವೆದಿವೆ. ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಂದ ಆಗುವುದಿಲ್ಲ. ಕಾರಿದ್ದರೆ ಅವಳಿಗೆ ಊರು, ನಂಟರು, ಸಂತೆ, ಡಾಕ್ಟರು ಎಲ್ಲವೂ ಉಂಟು. ಕಾರಿಲ್ಲದಿದ್ದರೆ ನಮ್ಮ ಮನೆಯ ಜಗುಲಿಯೊಂದೇ ಗತಿ.

ಈ ಕಾರು ನನ್ನದಾಗುವ ಮೊದಲು ಬುದ್ಯೋರದಾಗಿತ್ತು. ಬುದ್ಯೋರು ಎಂದರೆ ನಮ್ಮ ಕಡೆ ಜಮೀನಿನ ದಣಿ; ಅವರನ್ನು ಕರೆಯುವುದೇ 'ಬುದ್ದಿ' ಎಂದು, ಅವರ ಹೆಂಡತಿಯನ್ನು 'ಅಮ್ಮಾರು' ಎಂದು. ಅವ್ವ ಮದುವೆಯಾಗಿ ಬಂದಾಗಿನಿಂದ ಅವರ ಹೊಲದಲ್ಲಿ ಕೂಲಿ ಮಾಡಿದವಳು. ಹೊಲದ ನಡುವಿನ ಮಣ್ಣುದಾರಿಯಲ್ಲಿ ಈ ಕಾರು ಬಂದರೆ ಹೆಣ್ಣಾಳುಗಳೆಲ್ಲ ಬದಿಗೆ ಸರಿದು, ಸೆರಗು ಮೂಗಿಗೆ ಒತ್ತಿಕೊಂಡು, ಧೂಳು ಅಡಗುವವರೆಗೆ ನಿಲ್ಲುತ್ತಿದ್ದರು. ನಾನೂ ಚಿಕ್ಕಂದಿನಲ್ಲಿ ಅವರ ಹಳೆಯ ಜೀಪಿನ ಧೂಳು ಕುಡಿದಿದ್ದೇನೆ. ಅವರ ಮಗ ದೊಡ್ಡ ಗಾಡಿ ತಂದ ಮೇಲೆ ಈ ಕಾರು ಹುಣಸೆ ಮರದ ಕೆಳಗೆ ಬಿದ್ದಿತ್ತು. ದಲ್ಲಾಳಿಯೊಬ್ಬ ಮಾರಾಟಕ್ಕಿದೆ ಎಂದಾಗ ನಾನು ಹಿಂದೆಮುಂದೆ ನೋಡದೆ ಕೊಂಡುಕೊಂಡೆ. ಎಲ್ಲರೂ ಹೊಸದು ತಗೊಳ್ಳಬಾರದಾ ಎಂದರು. ನನಗೆ ಇದೇ ಬೇಕಿತ್ತು.

ಮೊದಲ ದಿನ ಅವ್ವ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು.

"ಇಂದ್ಗಡೆ ಕೂತ್ಕತಿನಿ ಬುಡಮ್ಮಿ. ಮುಂದ್ಗಡೆ ಬುದ್ಯೋರು ಕೂರ್ತಿದ್ರು."

"ಈಗ ನೀನ್ ಕೂತ್ಕೊ. ಅವರದ್ದೇನು ಸೀಟಿಗೆ ಅಂಟ್ಕೊಂಡಿಲ್ಲ" ಎಂದು ಗದರಿ ಕೂರಿಸಿದೆ. ದೊಡ್ಡಗಾಜನೂರಿನವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವಳು ಒರಗದೆ, ಸೀಟಿನ ತುದಿಯಲ್ಲೇ ಕುಳಿತಿದ್ದಳು.

ಒರಗಿ ಕೂರಲು ಕಲಿತ ಮೇಲೆ ಅವಳು ಪೂಜೆ ಶುರುಮಾಡಿದಳು. ನಮ್ಮಲ್ಲಿ ಗಾಡಿಯಿದ್ದವರು ಅಮಾವಾಸ್ಯೆಗೆ ಪೂಜೆ ಮಾಡುತ್ತಾರೆ, ನಿಂಬೆಹಣ್ಣು ಕಟ್ಟುತ್ತಾರೆ, ಅದೇನೂ ಹೊಸದಲ್ಲ. ಆದರೆ ಅವ್ವನಿಗೆ ಹೊರಗಿನ ಪೂಜೆ ಸಾಲಲಿಲ್ಲ. "ಮಕಕ್ಕೆ ಇಟ್ರೆ ಆಯ್ತದಾ? ದುಡಿಯಾದು ಒಳ್ಗಡೆ ಇರಾದು" ಎಂದು ಬಾನೆಟ್ ತೆಗೆಸುತ್ತಿದ್ದಳು. ನಾನು ಶಾಲೆಗೆ ಹೊತ್ತಾಯಿತೆಂದು ಗೊಣಗುತ್ತ ಬಾನೆಟ್ ಎತ್ತಿ ಹಿಡಿದು ನಿಲ್ಲಬೇಕು. ಅವಳು ಎಂಜಿನ್ನಿಗೆ ವಿಭೂತಿ, ಅವಳ ಬಾಯಲ್ಲಿ ಈಬೂತಿ, ಬಳಿದು, ಕುಂಕುಮ ಇಟ್ಟು, ವೀಳ್ಯದೆಲೆಯನ್ನು ಅರಿಶಿಣದ ನೀರಿನಲ್ಲಿ ಅದ್ದಿ ಚಿಮುಕಿಸುತ್ತಿದ್ದಳು. ಬ್ಯಾಟರಿಗೆ ಮಾತ್ರ ನೀರು ಬೇಡ ಎಂದಿದ್ದೆ. ಅಷ್ಟಕ್ಕೇ ನನ್ನ ವಿಜ್ಞಾನ ಮುಗಿದಿತ್ತು.

ದೀಪ ಮೊದಲ ಸಲ ಹತ್ತಿದ್ದು ದಿಂಬಂ ಘಾಟಿಯಲ್ಲಿ. ಘಾಟಿಯ ಕೆಳಗಿನ ಸತ್ಯಮಂಗಲದ ಡಾಕ್ಟರಿಗೆ ಅವ್ವನ ಮಂಡಿ ತೋರಿಸಿ ವಾಪಸ್ ಬರುತ್ತಿದ್ದೆವು. ಬೆಟ್ಟದ ಮೇಲಿನ ನಮ್ಮ ರಸ್ತೆಗಳಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಕಾರು ತಿರುವಿನ ಏರಿನಲ್ಲಿ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟಿತು. ಆಕ್ಸಿಲರೇಟರ್ ನೆಲಮುಟ್ಟ ಒತ್ತಿದರೂ ಉಬ್ಬಸ ಬಂದವರ ಹಾಗೆ ಕೆಮ್ಮಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಹಿಂದೆ ಕಪ್ಪು ಹೊಗೆ. ಅದರ ಹಿಂದೆ ಕಬ್ಬಿನ ಲಾರಿ. ಲಾರಿಯ ಹಿಂದೆ ಕಂಡಷ್ಟು ದೂರ ಹಾರ್ನು. ನಮ್ಮ ಮನೆಯವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ತಿರುವಿನ ಗೋಡೆಯ ಮೇಲಿದ್ದ ಕೋತಿಗಳು ನಮ್ಮನ್ನೇ ನೋಡುತ್ತಿದ್ದವು. ಅವ್ವ ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, "ಓಗು ಮಗಾ, ಓಗು" ಎನ್ನುತ್ತಿದ್ದಳು. ಎಂಜಿನ್ ಆರಿಸಿ, ಕಾದು, ಮತ್ತೆ ಹಚ್ಚಿ, ಆಮೆಯ ಹಾಗೆ ಮೇಲೆ ಬಂದೆವು.

ಅಲ್ಲಿಂದ ನನ್ನ ಮೆಕ್ಯಾನಿಕ್ ಯಾತ್ರೆ ಶುರುವಾಯಿತು. ತಾಳವಾಡಿಯವನು ಡೀಸೆಲ್ ಫಿಲ್ಟರ್ ಬದಲಾಯಿಸಿ, ಸರಿಹೋಯಿತು ಎಂದ. ಸರಿಹೋಗಲಿಲ್ಲ. ಚಾಮರಾಜನಗರದವನ ಹತ್ತಿರ ಕಂಪ್ಯೂಟರ್ ಇತ್ತು. ಕಾರಿಗೆ ಅದರ ವಯರು ಚುಚ್ಚಿ, ಪರದೆ ನೋಡಿ, "ಇಜಿಆರ್ ವಾಲ್ವು" ಎಂದ. ಹೇಳಿದ್ದು ನನಗಲ್ಲ, ನಮ್ಮ ಮನೆಯವರಿಗೆ. ಅವರು ಬಹಳ ಅರ್ಥವಾದವರ ಹಾಗೆ ತಲೆಯಾಡಿಸಿ ನನ್ನ ಕಡೆ ನೋಡಿದರು. ಕೇಳಿದವಳು ನಾನು, ಉತ್ತರ ಅವರಿಗೆ. ಕಾರು ಓಡಿಸುವವಳು ನಾನು ಕಣಪ್ಪ ಎಂದರೆ ಅವನು ನಕ್ಕು, ಮುಂದಿನ ಮಾತನ್ನೂ ಅವರಿಗೇ ಹೇಳಿದ.

ನಾನು ಪುಸ್ತಕ, ಫೋನು ಎಲ್ಲ ತಡಕಿ ಆ ವಾಲ್ವು ಏನೆಂದು ತಿಳಿದುಕೊಂಡೆ. ಎಂಜಿನ್ ಬಿಡುವ ಹೊಗೆಯಲ್ಲಿ ಒಂದು ಪಾಲನ್ನು ಅದು ಎಂಜಿನ್ನಿಗೇ ಮತ್ತೆ ಕುಡಿಸುತ್ತದೆ, ಹೊರಗಿನ ಗಾಳಿ ಕಡಿಮೆ ಕೆಡಲಿ ಎಂದು. ಒಳಗೊಂದು ಪುಟ್ಟ ಬಾಗಿಲು. ಕರೆಂಟಿನಿಂದ ತೆರೆದು ಮುಚ್ಚುತ್ತದೆ. ಏರು ಹತ್ತುವಾಗ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಎಂಜಿನ್ನಿಗೆ ಗಾಳಿಗಿಂತ ಹೊಗೆಯೇ ಹೆಚ್ಚಾಗಿ ಉಸಿರು ಕಟ್ಟುತ್ತದೆ. ನಮ್ಮ ಕಾರಿಗೆ ಆಗುತ್ತಿದ್ದುದು ಅದೇ. ಚಾಮರಾಜನಗರದವನು ವಾಲ್ವು ಬಿಚ್ಚಿ, ಒಳಗಿನ ಮಸಿ ಕೆರೆದು ಹಾಕಿದ. ಟೀಚರಮ್ಮ ತೀರ ಮೆಲ್ಲಗೆ ಓಡಿಸುತ್ತಾರೆ, ಅದಕ್ಕೇ ಮಸಿ ಕಟ್ಟಿದೆ, ಆಗಾಗ ಜೋರಾಗಿ ತುಳಿಯಲು ಹೇಳಿ ಎಂದ, ಅದನ್ನೂ ಅವರಿಗೇ.

ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಹಳದಿ ದೀಪ, ಮತ್ತೆ ಘಾಟಿ, ಮತ್ತೆ ಕಲ್ಲು. ಈ ಸಲ ಸತ್ಯಮಂಗಲಕ್ಕೆ ಹೋದೆ. ಅಲ್ಲಿಯವನು, ಚಾಮರಾಜನಗರದ ಕಡೆಯವರಿಗೆ ಏನೂ ಬರುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಎಲ್ಲ ಕರ್ನಾಟಕದ ಡೀಸೆಲ್ಲಿನ ಕೇಡು ಎಂದೂ ಸೇರಿಸಿದ. ಚಾಮರಾಜನಗರದವನು ತಮಿಳುನಾಡಿನ ಡೀಸೆಲ್ಲೇ ಹೀಗೆ ಎಂದಿದ್ದ. ಗಡಿಯಲ್ಲಿ ಬದುಕುವ ನಮಗೆ ಇದೊಂದು ಸುಖ. ಯಾವ ತಪ್ಪನ್ನು ಬೇಕಾದರೂ ಆಚೆ ರಾಜ್ಯಕ್ಕೆ ತಳ್ಳಬಹುದು. ಅವನು ಹಳೆಯ ವಾಲ್ವು ಕಿತ್ತು ಹೊಸದನ್ನೇ ಹಾಕಿದ. ಎಂಜಿನ್ನಿನ ಮೇಲ್ಭಾಗದಲ್ಲಿ, ಎಲ್ಲ ಕರಿಯ ಸಾಮಾನುಗಳ ನಡುವೆ, ಅದೊಂದು ಪಳಪಳ ಹೊಳೆಯುತ್ತಿತ್ತು.

ಅವ್ವ ಬಂದು ಬಗ್ಗಿ ನೋಡಿದಳು. "ಇದೇಯಾ ಕಾಯಿಲೆ ಬಿದ್ದಿದ್ದು?"

"ಊ ಕಣವ್ವ, ಇದೇಯ" ಎಂದೆ. ಆ ಒಂದು ಮಾತಿಗೆ ನಾನು ಎಷ್ಟು ಪಾಡು ಪಡಬೇಕಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಹೊಸ ವಾಲ್ವೂ ಕೆಟ್ಟಿತು. ಹಾಕಿದವನ ಹತ್ತಿರ ಹೋದರೆ ವಾಲ್ವು ಚೆನ್ನಾಗಿಯೇ ಇದೆ, ನಿಮಗೆ ಓಡಿಸಲು ಬರುವುದಿಲ್ಲ ಎನ್ನುವ ಧಾಟಿಯಲ್ಲಿ ನಕ್ಕ. ನಾನು ಜಗಳವಾಡಿದೆ. ತಮಿಳಿನಲ್ಲಿ ಶುರುಮಾಡಿದ ಜಗಳ ಅರ್ಧಕ್ಕೆ ಕನ್ನಡಕ್ಕೆ ತಿರುಗಿತು, ಕೋಪ ಬಂದರೆ ನನಗೆ ತಮಿಳು ಸಾಲುವುದಿಲ್ಲ. ಅವನು ಸುಮ್ಮನೆ ಟೀ ತರಿಸಿಕೊಟ್ಟ. ಟೀ ಕುಡಿದು ವಾಪಸ್ ಬಂದೆ.

ಊರಿನಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಅಂಗಡಿಯ ಮುಂದೆ ಕುಳಿತವರು ಕಾರು ಕಂಡರೆ ಸಾಕು, "ಅಮಾಸೆ ಕಳೀತಿದ್ದಂಗೇ ಗಾಡಿ ಎತ್ತುದ್ರಲ್ಲಾ ಟೀಚರಮ್ಮ, ಅದ್ಕೇ ನಿಲ್ಲಾದು. ಬೇಕಾರೆ ನೋಡ್ಕೊಳಿ, ಅಮಾಸೆ ಆದ್ ಮೇಲೇ ನಿಂತದ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಂದ್ರನಿಗೂ ಡೀಸೆಲ್ ಎಂಜಿನ್ನಿಗೂ ಏನಪ್ಪಾ ಸಂಬಂಧ ಎಂದು ಮಕ್ಕಳಿಗೆ ಪಾಠ ಮಾಡುವ ದನಿಯಲ್ಲಿ ಕೇಳುತ್ತಿದ್ದೆ. ಅವರು ಪಾಪ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ನಮ್ಮ ಮನೆಯವರ ತಾಳ್ಮೆಯೂ ಹೋಯಿತು. ಮಳೆಯಲ್ಲಿ ಒಮ್ಮೆ ಘಾಟಿಯ ತಿರುವಿನಲ್ಲಿ ಕಾರು ನಿಂತಾಗ ಇಳಿದು ಬರುತ್ತಿದ್ದ ಲಾರಿಯೊಂದು ಅವ್ವ ಕುಳಿತಿದ್ದ ಕಡೆಯ ಕನ್ನಡಿಯನ್ನು ಸವರಿಕೊಂಡು ಹೋಯಿತು. ಅವರು ಜೋರು ಮಾತಿನವರಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ಮೆಲ್ಲಗೆ ಹೇಳಿದರು.

"ಇನ್ನೊಂದ್ ಕಿತ ನಿಂತ್ರೆ ಇದ್ನ ಕೊಟ್ಬುಡದೆಯ. ನಿಮ್ಮವ್ವುನ್ನ ಲಾರಿಗೆ ಕೊಟ್ಬುಟ್ಟು ಆಮೇಲೆ ಅತ್ರೆ ಏನ್ ಬಂತು?"

ಆ ಇನ್ನೊಂದು ಸಲಕ್ಕೆ ಅವರು ಕಾಯಲೂ ಇಲ್ಲ. ಹಳೆಯ ಗಾಡಿ ಕೊಳ್ಳುವವನೊಬ್ಬನಿಗೆ ಹೇಳಿಯೂ ಬಿಟ್ಟರು. ಅವನು ಭಾನುವಾರ ಬಂದು ನೋಡುವುದೆಂದಾಯಿತು. ಅವ್ವ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಅದಕ್ಕೂ ಎಷ್ಟೋ ಮೊದಲಿನಿಂದ ಅವಳು ಪೂಜೆಯನ್ನು ಹೆಚ್ಚಿಸುತ್ತ ಬಂದಿದ್ದಳು. ಅಮಾವಾಸ್ಯೆಯ ಜೊತೆಗೆ ಶುಕ್ರವಾರವೂ ಸೇರಿತ್ತು. ಈಗ ಇಡೀ ಎಂಜಿನ್ನಿಗೆ ಅಲ್ಲ, ಕಾಯಿಲೆ ಬಿದ್ದ ಆ ವಾಲ್ವಿಗೇ ಪೂಜೆ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವ ಹಾಗೆ ಅದರ ನೆತ್ತಿಗೆ ಅರಿಶಿಣದ ನೀರು ಬಿಡುತ್ತಿದ್ದಳು. ನಾನು ಬಾನೆಟ್ ಹಿಡಿದು, ಆಕಾಶ ನೋಡುತ್ತ, ಬೇಗ ಮುಗಿಸವ್ವ ಎನ್ನುತ್ತಿದ್ದೆ.

ಆ ವಾರದ ಶುಕ್ರವಾರ ಶಾಲೆಗೆ ರಜೆ ಇತ್ತು. ಪಣಕಹಳ್ಳಿಯ ನಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ನಮ್ಮ ಮನೆಯವರು ಹೊಲಕ್ಕೆ ಹೋಗಿದ್ದರು. ಅವ್ವ ಎಂದಿಗಿಂತ ಧಾರಾಳವಾಗಿ ಪೂಜೆ ಮಾಡಿದಳು, ಬಟ್ಟಲಿನಲ್ಲಿ ಉಳಿದ ನೀರನ್ನೂ ವಾಲ್ವಿನ ಮೇಲೇ ಸುರಿದಳು. ನಾವಿಬ್ಬರೇ ಹೊರಟೆವು. ಘಾಟಿಯಲ್ಲ, ಬೆಟ್ಟವಲ್ಲ, ಜೋಳದ ಹೊಲಗಳ ನಡುವಿನ ಒಂದು ಸಣ್ಣ ಏರು. ಹಳದಿ ದೀಪ ಹತ್ತಿತು. ಕಾರು ಕೆಮ್ಮಿ ನಿಂತಿತು.

ನಾನು ಕೂಗಿದೆ. ಮನುಷ್ಯರ ಮೇಲಲ್ಲ, ದೀಪದ ಮೇಲೆ. ಆಮೇಲೆ ಇಳಿದು ಬಾನೆಟ್ ಎತ್ತಿದೆ, ಎತ್ತಿ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಬೈಯುವುದಾದರೆ ಎದುರಿಗೇ ಬೈಯೋಣ ಎಂದಿರಬೇಕು. ಎದುರಿಗೇ ಕಂಡಿತು. ಹೊಳೆಯುವ ವಾಲ್ವಿನ ಪಕ್ಕಕ್ಕೆ ಕರೆಂಟಿನ ವಯರು ಬಂದು ಸೇರುವ ಪ್ಲಗ್ಗು. ಅದರ ಕೆಳತುದಿಯಲ್ಲಿ ಒಂದು ಹಳದಿ ಹನಿ ತೂಗುತ್ತಿತ್ತು. ನಾನು ನೋಡುತ್ತಿದ್ದಂತೆ ಬಿತ್ತು. ಇನ್ನೊಂದು ಮೂಡಿತು.

ಪ್ಲಗ್ಗನ್ನು ಎಳೆದು ಬಿಚ್ಚಿದೆ. ಅದರ ಬಾಯಿಗೆ ನೀರು ಹೋಗದಂತೆ ಇರಬೇಕಾದ ರಬ್ಬರ್ ಬಳೆ ಎಂಜಿನ್ನಿನ ಬಿಸಿಗೆ ಒಣಗಿ ಬಿರುಕುಬಿಟ್ಟಿತ್ತು. ಒಳಗೆ ಸಣ್ಣ ತಾಮ್ರದ ಕಡ್ಡಿಗಳು ಕಿಲುಬು ಹಿಡಿದು ಹಸಿರಾಗಿದ್ದವು. ಸುತ್ತ ಅರಿಶಿಣ, ಈಬೂತಿ, ಕುಂಕುಮ ಸೇರಿ ಗಟ್ಟಿಯಾದ ಮಣ್ಣು. ಮೂಗಿಗೆ ಹಿಡಿದರೆ ದೇವರ ಕೋಣೆಯ ವಾಸನೆ. ಮೂರು ಊರಿನ ಮೆಕ್ಯಾನಿಕ್ಕುಗಳು ಫಿಲ್ಟರ್ ಬದಲಾಯಿಸಿದ್ದರು, ವಾಲ್ವು ಕೆರೆದಿದ್ದರು, ಹೊಸದು ಹಾಕಿದ್ದರು. ಈ ಪ್ಲಗ್ಗಿನ ಬಾಯೊಳಗೆ ಯಾರೂ ಇಣುಕಿರಲಿಲ್ಲ. ಸ್ವಲ್ಪ ದಿನ ಬಿಸಿಗೆ ಒಣಗಿ ಎಲ್ಲ ಸರಿಯಾದಂತಾಗುವುದು, ಪೂಜೆಯಾದ ಮೇಲೆ ಮತ್ತೆ ಒದ್ದೆಯಾಗಿ ಕರೆಂಟು ತಪ್ಪುವುದು. ಅಮಾವಾಸ್ಯೆ ಆದ ಮೇಲೇ ನಿಲ್ಲುತ್ತದೆ ಎಂದು ಅಂಗಡಿಯ ಮುಂದಿನವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೊದಲು ನೋಡಿ, ಆಮೇಲೆ ಕಾರಣ ಹುಡುಕಿ ಎಂದು ದಿನಾ ಮಕ್ಕಳಿಗೆ ಹೇಳುವವಳು ನಾನು. ಅವರು ನೋಡಿದ್ದರು. ನಾನು ಅಮಾಸೆ ಎಂಬ ಮಾತು ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡಿದ್ದೆ.

ಹೊಟ್ಟೆಯೊಳಗಿನ ಕೋಪವೆಲ್ಲ ಒಟ್ಟಿಗೆ ಬಾಯಿಗೆ ಬಂತು. ಪ್ಲಗ್ಗನ್ನು ಹಿಡಿದೇ ಅವ್ವ ಕುಳಿತ ಕಿಟಕಿಯ ಕಡೆ ತಿರುಗಿದೆ.

"ಅವ್ವಾ, ಎಲ್ಲಾ ನಿಂದೇ ಕಣವ್ವ! ವರ್ಸದಿಂದ ಊರೂರು ಸುತ್ತಿ ಸಾಯ್ತಾ ಇವ್ನಿ, ಕೆಡುಸ್ತಾ ಇದ್ದದ್ದು ನೀನೇ. ಇನ್ಮೇಲೆ ಇದ್ನ ಮುಟ್ಬೇಡ. ಮುಟ್ಲೇಬೇಡ!"

ಅವ್ವ ತಿರುಗಿ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ನನ್ನ ಬಾಯಿ ಅವಳಿಂದಲೇ ಬಂದದ್ದು. ಆದರೆ ಅವಳು ಬಾಗಿಲು ತೆಗೆದು, ಮಂಡಿ ಹಿಡಿದುಕೊಂಡು ಮೆಲ್ಲಗೆ ಇಳಿದು, ಕಾರಿಗೆ ತಾಗದಂತೆ ಅಷ್ಟು ದೂರ ಹೋಗಿ ಹೊಲದ ಬದಿಯಲ್ಲಿ ನಿಂತಳು.

"ಬುದ್ಯೋರ ಮನೇಲೂ ಅಂಗೇ ಅಂದ್ರು ಕಣಮ್ಮಿ" ಎಂದಳು.

"ಏನಂದ್ರು?"

"ಇದು ಒಸ್ದಾಗ್ ಬಂದಿತ್ತು. ಆಚೆ ಅಂಗ್ಳ ಗುಡಿಸ್ತಾ ಇದ್ದಿ. ನುಣ್ಣುಗ್ ಇತ್ತಲ್ಲ, ಒಂದ್ ಕಿತ ಕೈ ಆಡುಸ್ದಿ. ಅಮ್ಮಾರು ನೋಡ್ಬುಟ್ರು. ಮುಟ್ಬೇಡ ಕಣೆ, ನೀ ಮುಟ್ಟುದ್ರೆ ಕೆಟ್ಟೋಯ್ತದ ಅಂದ್ರು. ಇಡೀ ಕಾರ್ನ ತಿರ್ಗ ತೊಳುಸುದ್ರು." ತನ್ನ ಅಂಗೈ ನೋಡಿಕೊಂಡಳು. "ದಿಟವೇ ಆಯ್ತಲ್ಲ."

ಈ ವಿಷಯವನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ಈ ಕಾರು ಕೊಂಡಾಗಲೂ ಹೇಳಿರಲಿಲ್ಲ. ಬಾನೆಟ್ ತೆಗೆಸಿ ಒಳಗಿನ ಒಂದೊಂದು ಸಾಮಾನನ್ನೂ ಮುಟ್ಟಿ ಮುಟ್ಟಿ ಕುಂಕುಮ ಇಡುತ್ತಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ಹಾಗೆ ಮುಟ್ಟುವಾಗ ಅವಳ ಮನಸ್ಸಿನಲ್ಲಿ ಯಾವ ಭಯವಿತ್ತು, ಪ್ರತಿಸಲ ಘಾಟಿಯಲ್ಲಿ ಕಾರು ನಿಂತಾಗ ಅವಳು ಏನೆಂದುಕೊಂಡಿದ್ದಳು, ಅದೂ ಅರ್ಥವಾಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಪ್ಲಗ್ಗನ್ನೇ ಬಿಗಿಯಾಗಿ ಹಿಡಿದು ನಿಂತಿದ್ದೆ.

"ಬಾ ಇಲ್ಲಿ" ಎಂದೆ. ಬರಲಿಲ್ಲ. ಹೋಗಿ ಕೈ ಹಿಡಿದು ಕರೆತಂದೆ. ಪ್ಲಗ್ಗಿನ ಬಾಯಿ ತೋರಿಸಿದೆ. "ನೋಡವ್ವ, ಇಲ್ಲಿ ಕರೆಂಟು ಬತ್ತದ. ನೀರ್ ಬಿದ್ರೆ ಕೆಡ್ತದ. ಕೆಡ್ಸಿದ್ದು ನೀರು, ನಿನ್ ಕೈಯಲ್ಲ. ಯಾರ್ ಉಯ್ದುರೂ ಕೆಡ್ತದ."

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಬುದ್ಯೋರು ಉಯ್ದುರೂವಾ?"

"ಬುದ್ಯೋರು ಉಯ್ದುರೂವೆ."

"ಅಮ್ಮಾರು?"

"ಅವರುಯ್ದುರೆ ಇನ್ನೂ ಬೇಗ ಕೆಡ್ತದ" ಎಂದೆ. ಅದು ವಿಜ್ಞಾನವಲ್ಲ. ಆದರೂ ಹೇಳಿದೆ. ಅವಳ ಬಾಯಿಯ ಮೂಲೆಯಲ್ಲಿ ಒಂದು ನಗು ಬಂದು ಹೋಯಿತು.

ತಲೆಯಿಂದ ಪಿನ್ನು ತೆಗೆದು ತಾಮ್ರದ ಕಡ್ಡಿಗಳ ಮೇಲಿನ ಕಿಲುಬನ್ನು ಕೆರೆದೆ. ಸೆರಗಿನ ತುದಿಯಿಂದ ಒರೆಸಿದೆ, ಬಿಸಿಲಿಗೆ ಹಿಡಿದು ಒಣಗಿಸಿದೆ. ಮತ್ತೆ ಕೂರಿಸಲು ಹೋದರೆ ಕೂರುವುದಿಲ್ಲ! ಬಿಚ್ಚುವಾಗ ಸಿಟ್ಟಿನಲ್ಲಿ ಎಳೆದಿದ್ದೆ. ಕೂರಿಸಲು ಒಂದು ಕೊಳವೆಯ ಕೆಳಗೆ ಬೆರಳು ತೂರಿಸಿ ಒತ್ತಬೇಕು, ನನ್ನ ದಪ್ಪ ಬೆರಳು ಅಲ್ಲಿ ಹೋಗುವುದಿಲ್ಲ. ನಾನು ತಿಣುಕಾಡುವುದನ್ನು ಅವ್ವ ನೋಡುತ್ತಿದ್ದಳು.

"ನಿನ್ ಕೈ ಕೊಡವ್ವ."

"ಬ್ಯಾಡ ಬುಡಮ್ಮಿ."

"ಕೊಡವ್ವ ಅಂದ್ರೆ!"

ಅವಳು ಕೈಯನ್ನು ಸೀರೆಗೆ ಒರೆಸಿ, ಮತ್ತೆ ಒರೆಸಿ, ಕೊಳವೆಯ ಕೆಳಗೆ ತೂರಿಸಿದಳು. ಕಳೆ ಕಿತ್ತು ಕಿತ್ತು ಮೂಳೆಯಷ್ಟೇ ಉಳಿದ ಬೆರಳುಗಳು. ಕಣ್ಣು ಮುಚ್ಚಿಕೊಂಡು ಒತ್ತಿದಳು. ಟಕ್ಕೆಂದಿತು. ಅವಳು ಬೆಚ್ಚಿ ಕೈ ತೆಗೆದಳು.

"ಮುರ್ದೋಯ್ತಾ?"

"ಕೂತ್ಕತು" ಎಂದೆ.

ಸ್ಟಾರ್ಟ್ ಮಾಡಿದೆ. ಎಂಜಿನ್ನು ಕೆಮ್ಮಲಿಲ್ಲ. ಏರನ್ನು ಸಲೀಸಾಗಿ ಹತ್ತಿತು. ಹಳದಿ ದೀಪ ಮಾತ್ರ ಆರಲಿಲ್ಲ. ನನ್ನ ಜೀವ ತೆಗೆಯದೆ ಅದು ಆರುವ ಪೈಕಿಯಲ್ಲ. ಹೆಸರಿಡುವ ಶಾಸ್ತ್ರ ಮುಗಿಸಿ, ಊಟ ಮಾಡಿ, ಹೊರಟು ಮತ್ತೆ ಕೀ ತಿರುಗಿಸಿದಾಗ ತನ್ನಷ್ಟಕ್ಕೆ ಆರಿತ್ತು.

ನಡೆದದ್ದನ್ನೆಲ್ಲ ನಮ್ಮ ಮನೆಯವರಿಗೆ ಹೇಳಿದೆ. ಅವರು ಹಾಗಾದರೆ ಘಾಟಿ ಹತ್ತಿಸಿ ತೋರಿಸು ಎಂದರು. ಮಾರನೆಯ ದಿನ ಸತ್ಯಮಂಗಲಕ್ಕೆ ಇಳಿದು, ವಾಲ್ವು ಹಾಕಿದ ಮೆಕ್ಯಾನಿಕ್ಕನ ಕೈಯಲ್ಲೇ ಪ್ಲಗ್ಗಿಗೆ ಹೊಸ ರಬ್ಬರ್ ಬಳೆ ಹಾಕಿಸಿದೆ. ತನಗೆ ಮೊದಲೇ ಅನುಮಾನವಿತ್ತು ಎಂದು ಅವನು ನಮ್ಮ ಮನೆಯವರಿಗೆ ಹೇಳಿದ. ನಾನು ಕಾರು ಹತ್ತಿ ಕೀ ತಿರುಗಿಸಿದೆ. ವಾಪಸ್ ಬರುವಾಗ ಅವ್ವ ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದಳು. ಒಂದೊಂದು ತಿರುವು ದಾಟಿದಾಗಲೂ ಸ್ವಲ್ಪ ಸ್ವಲ್ಪ ಬಿಟ್ಟಳು. ದಿಂಬಂ ಚೆಕ್‌ಪೋಸ್ಟಿನ ಹತ್ತಿರ ನಿಲ್ಲಿಸಿದಾಗ ಸೀಟಿಗೆ ಒರಗಿದ್ದಳು. ಭಾನುವಾರ ಬಂದ ಗಿರಾಕಿಗೆ ನಮ್ಮ ಮನೆಯವರೇ ಕಾಫಿ ಕೊಟ್ಟು ಕಳಿಸಿದರು.

ಈಗಲೂ ಅಮಾವಾಸ್ಯೆಗೆ ಬಾನೆಟ್ ಎತ್ತಿ ನಿಲ್ಲುವುದು ತಪ್ಪಿಲ್ಲ. ನೀರಿಲ್ಲ, ಈಬೂತಿಯಿಲ್ಲ. ತಣ್ಣಗಿರುವ ವಾಲ್ವಿನ ಮೇಲೆ ಅವಳು ಒಣ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾಳೆ. ನಾನು ಬೇಗ ಮುಗಿಸು ಎನ್ನುವುದಿಲ್ಲ. ಕುಂಕುಮ ಇಡಲು ಬೇರೆ ಜಾಗ ಬೇಕಲ್ಲ. ಹಳದಿ ದೀಪದ ಮೇಲಿನ ಗಾಜಿಗೇ ದೊಡ್ಡದಾಗಿ ಇಟ್ಟಿದ್ದಾಳೆ. ಅದು ಹತ್ತಿದರೂ ನನಗೆ ಕಾಣದು ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಒರೆಸುತ್ತೇನೆ, ಮತ್ತೆ ಇಡುತ್ತಾಳೆ.

ಮೊನ್ನೆ ಬುದ್ಯೋರ ಹೊಲದ ನಡುವಿನ ಮಣ್ಣುದಾರಿಯಲ್ಲಿ ಬರುತ್ತಿದ್ದೆವು. ದಾರಿ ಖಾಲಿಯಿತ್ತು, ಎಂಜಿನ್ನು ಚೆನ್ನಾಗಿ ಎಳೆಯುತ್ತಿತ್ತು. ಮಸಿ ಕಟ್ಟದಿರಲು ಆಗಾಗ ಜೋರಾಗಿ ತುಳಿಯಬೇಕೆಂದು ಚಾಮರಾಜನಗರದವನು ಹೇಳಿದ್ದು ನೆನಪಾಗಿ, ಆಕ್ಸಿಲರೇಟರ್ ಒತ್ತಿದೆ. ಅಷ್ಟರಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಮೆಲ್ಲುಕ್ಕೋಗಮ್ಮಿ. ಮುಂದೆ ಎಣ್ಣಾಳ್ಗೊ ನಿಂತವ್ರೆ. ದೂಳು ಕುಡಿತಾರೆ."

ನೋಡಿದರೆ ದೂರದಲ್ಲಿ ಕಳೆ ತೆಗೆಯುವ ಹೆಂಗಸರು ಆಗಲೇ ಬದಿಗೆ ಸರಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದರು. ಹೀಗೆ ಓಡಿಸಿದರೆ ವಾಲ್ವು ಮತ್ತೆ ಮಸಿ ಹಿಡಿಯುತ್ತದೆ ಕಣವ್ವ ಎಂದು ಗೊಣಗುತ್ತ ನಾನು ಗೇರು ಇಳಿಸಿದೆ.